ಬಸಿದ ಕೋಸಿನ ನೀರು

ಗಿರಿಜಾ, ಎಲೆಕೋಸಿನ ಪಲ್ಯ ಮಾಡುವುದನ್ನು ನಾನು ನಿನಗೆ ತಪ್ಪಾಗಿ ಹೇಳಿಕೊಟ್ಟೆ. ಮರೆತು ಹೇಳಿದ್ದಲ್ಲ — ಬೇಕೆಂದೇ.

ನಿನ್ನ ಅಣ್ಣನನ್ನು ಕಟ್ಟಿಕೊಂಡು ಹಿರಿಯೂರಿಗೆ ಬಂದ ಹೊಸದರಲ್ಲಿ ಮನೆಯವರೆಲ್ಲ ಹೊಗಳುತ್ತಿದ್ದದ್ದು ನಿನ್ನ ಅಡುಗೆಯನ್ನು. ನಾನು ಮಾಡಿದ್ದರಲ್ಲಿ ಮಾವನವರು ಕೇಳಿ ಹಾಕಿಸಿಕೊಂಡದ್ದು ಆ ಪಲ್ಯ ಒಂದನ್ನೇ. ನೀನು ಮದುವೆಯಾಗಿ ರಾಮಗಿರಿಗೆ ಹೊರಟಾಗ, "ಅತ್ತಿಗೆ, ಅದೊಂದು ಹೇಳ್ಕೊಡ್ರಿ" ಅಂದೆ. ತರಕಾರಿ ವ್ಯಾಪಾರದವಳು ನಾನು, ನನಗಿದ್ದ ಒಂದೇ ಹೆಚ್ಚುಗಾರಿಕೆಯನ್ನು ಸುಮ್ಮನೆ ಬಿಟ್ಟುಕೊಡುತ್ತೇನೆಯೇ? "ನೀರಾಗೆ ಚೆನ್ನಾಗಿ ಬೇಯಿಸು, ಬಸಿದು ಹಿಂಡು, ಆಮೇಲೆ ಒಗ್ಗರಣೆ" ಅಂದುಬಿಟ್ಟೆ.

ನಾನು ಮಾಡುವುದು ಹಾಗಲ್ಲ. ಒಗ್ಗರಣೆಗೇ ಕೋಸು ಹಾಕಿ, ಉಪ್ಪು ಉದುರಿಸಿ, ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಒಂದಿಷ್ಟು ನೀರು. ಸಣ್ಣ ಉರಿಯಲ್ಲಿ ಕೋಸು ತಾನು ಬಿಟ್ಟ ನೀರಿನಲ್ಲೇ ಬೇಯುತ್ತದೆ. ಹನಿಯನ್ನೂ ಬಸಿಯಬಾರದು. ಓದುವವರೂ ಕೇಳಿಸಿಕೊಳ್ಳಿ — ಕೋಸಿನ ಸಿ ಜೀವಸತ್ವ ಬೇಯುವ ನೀರಿಗೆ ಇಳಿಯುತ್ತದೆ. ಬಸಿದು ಚೆಲ್ಲಿದರೆ ರುಚಿಯ ಜೊತೆ ಅದೂ ಮೋರಿಗೆ.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ, ನಿನ್ನ ಅತ್ತೆ ಊಟಕ್ಕೆ ಕುಳಿತವರು, "ಏನ್ರೀ, ನಿಮ್ಮ ನಾದಿನಿ ಕೈಗೆ ಸಿಕ್ರೆ ಕೋಸೂ ಹಿಂಡಿದ ಬಟ್ಟೆ ಆಗತೈತೆ" ಎಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ.

"ನೀವು ಹೇಳಿದಂಗೇ ಮಾಡ್ತೀನಿ ಅತ್ತಿಗೆ. ಬೀನ್ಸು, ಸೊಪ್ಪು ಎಲ್ಲಾನೂ ಹಂಗೇ ಹಿಂಡ್ತೀನಿ. ನನ್ನ ಕೈಯಾಗೇ ರುಚಿ ಇಲ್ಲ ಬಿಡ್ರಿ. ನೀವು ನಮ್ಮೋರು ಅಂತ ಇವತ್ತು ಮಾಡ್ದೆ, ಬೇರೆ ನೆಂಟರು ಬಂದ್ರೆ ಒಲೆ ಹತ್ರನೇ ಹೋಗಲ್ಲ."

ಓಣಿಗೆಲ್ಲ ಹೆಸರಾಗಿದ್ದ ಕೈ ಅದು! ನನ್ನ ಒಂದು ಮಾತನ್ನು ಎಲ್ಲ ತರಕಾರಿಗೂ ನಂಬಿಕೊಂಡು... ಆಗಲಾದರೂ ಹೇಳಬಹುದಿತ್ತು. ಆದರೆ ಬುದ್ಧಿ ಹೇಳುವ ಚಟದ ಈ ನನ್ನ ಬಾಯಿ — "ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಂಡಿ ನೋಡೇ" ಎಂದಿತು. ನೀನು ಸರಿ ಎಂದು ತಲೆಯಾಡಿಸಿದೆ.

ನೀನು ನನಗೆ ನಾದಿನಿ ಅನ್ನುವುದಕ್ಕಿಂತ ತಂಗಿಯೇ ಹೆಚ್ಚು. ಅದು ಗೊತ್ತಿದ್ದೂ ಇಷ್ಟು ವರ್ಷ —

ಸೋಮವಾರ ಬರುತ್ತೇನೆ. ಕೆಟ್ಟದ್ದು ಗಿರಿಜಾಳ ಕೈಯಲ್ಲ, ನನ್ನ ಮನಸ್ಸು ಎಂದು ನಿನ್ನ ಅತ್ತೆಯ ಎದುರಿಗೇ ಹೇಳುತ್ತೇನೆ. ಆಮೇಲೆ ನಿನಗೆ ತೋಚಿದಷ್ಟು ಬೈಯಿ ತಾಯಿ. ಸ್ವಲ್ಪ ಕಡಿಮೆ ಮಾಡು ಎಂದು ಚೌಕಾಸಿಗೆ ನಿಲ್ಲುವುದಿಲ್ಲ.