ಬಾಡಿಗಿ – ಸಿರುಗುಪ್ಪ

ತಮ್ಮನ ಅಂಗಡಿ ಖಾಲಿ ಮಾಡುವಾಗ ಬೀರುವಿನ ತಳದಲ್ಲಿ ಒಂದು ಚಪ್ಪಲಿ ಡಬ್ಬಿ ಸಿಕ್ಕಿತು. ಒಳಗೆ ಅಂಗೈಯಷ್ಟು ಅಗಲದ ಮೂರು ಹಸಿರು ಕಾರ್ಡುಗಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂಡಿಸಿ ಟೆಲಿಫೋನ್ ವೈರು ಸಿಕ್ಕಿಸುವ ಮೋಡೆಮ್‌ಗಳು. ಫೋನ್ ಲೈನಿನ ಮೇಲೆ ಫ್ಯಾಕ್ಸ್, ಮೇಲ್ ಕಳಿಸುತ್ತಿದ್ದ ಕಾಲದ ಸಾಮಾನು. ಒಂದೊಂದರ ಮೇಲೂ ಬಿಳಿ ಚೀಟಿ, ಚೀಟಿಯ ಮೇಲೆ ಅವನ ಅಕ್ಷರ: ‘ಬಾಡಿಗಿ – ಸಿರುಗುಪ್ಪ’, ‘ಬಾಡಿಗಿ – ಕುರುಗೋಡು’, ‘ಬಾಡಿಗಿ – ತೆಕ್ಕಲಕೋಟಿ’. ಪಕ್ಕದಲ್ಲಿ ಬಟ್ಟೆ ಸುತ್ತಿಟ್ಟ ಕರಿ ಪೆಟ್ಟಿಗೆ, ದಪ್ಪ ಪುಸ್ತಕದಷ್ಟು. ಅದೂ ಮೋಡೆಮ್ಮೇ, ಆದರೆ ಕಂಪ್ಯೂಟರಿನ ಹೊರಗೆ ಇಡುವಂಥದ್ದು. ಅದರ ಚೀಟಿಯ ಮೇಲೆ ಒಂದೇ ಮಾತು: ‘ಸ್ವಂತ’.

ಅವನು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು. ಬಳ್ಳಾರಿ ಬ್ರೂಸ್‌ಪೇಟೆಯ ಆ ಮಳಿಗೆಯನ್ನು ಬಿಟ್ಟುಕೊಡಬೇಕಿತ್ತು. ಡಬ್ಬಿಯನ್ನು ಮನೆಗೆ ತಂದು ಅವನ ಹೆಂಡತಿಗೆ ತೋರಿಸಿದೆ. ಚೀಟಿ ಓದಿ ಅವಳ ಮುಖ ಸಣ್ಣಗಾಯಿತು.

“ಭಾವಾರ, ಇವು ಮಂದಿ ಸಾಮಾನು. ಬಾಡಿಗಿಗೆ ತಂದಿದ್ರೋ ಏನೋ. ಹೊಳ್ಳಿ ಕೊಟ್ಟು ಬಂದು ಬಿಡ್ರಿ. ಮಂದಿದು ಮನ್ಯಾಗ ಇಟಗೊಂಡು ವರ್ಷದ ಕಾರ್ಯ ಮಾಡೂದು ಬ್ಯಾಡ.”

ನನಗೂ ಅದೇ ಸರಿ ಎನಿಸಿತು. ಆದರೆ ಮೇಲಿನ ಚೀಟಿಯ ಊರಿಗೆ, ಸಿರುಗುಪ್ಪಕ್ಕೆ, ಹೋಗಲು ನನಗೆ ಮನಸ್ಸಿರಲಿಲ್ಲ. ಅದಕ್ಕೆ ಕಾರಣವಿತ್ತು.

ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಕಂಬ ಹತ್ತುವುದು, ವೈರು ಕೂಡಿಸುವುದು, ಕಿವಿಗೆ ಫೋನ್ ಹಿಡಿದು ಎಕ್ಸ್‌ಚೇಂಜಿನವರಿಗೆ “ಲೈನ್ ಚೊಲೋ ಐತಿ, ಇಡ್ತೀನಿ” ಎನ್ನುವುದು: ಇಷ್ಟೇ ನನ್ನ ವಿದ್ಯೆ. ತಮ್ಮ ಕಂಪ್ಯೂಟರ್ ರಿಪೇರಿ ಕಲಿತ. ನನ್ನ ವೈರು ಮುಗಿಯುವ ಕಡೆ ಅವನ ಕೆಲಸ ಶುರುವಾಗುತ್ತಿತ್ತು. ಹಾಗಾಗಿ ಎಲ್ಲಿ ಏನು ಕೆಟ್ಟರೂ ನಮ್ಮಿಬ್ಬರಿಗೆ ಜಗಳ.

“ಅಣ್ಣಾ, ನಿನ್ನ ವೈರಿನ ಮ್ಯಾಲ ಗುಬ್ಬಿ ಕುಂತು ಮಾತಾಡ್ತಾವು, ಓಡ್ಸಿ ಬಾ” ಎನ್ನುವನು.

“ಮೊದ್ಲ ನಿನ್ನ ಡಬ್ಬಿ ಬಾಯಾಗ ಏನ್ ಇಟಗೊಂಡೈತಿ ನೋಡಲೇ” ಎನ್ನುವೆನು. ಅವ್ವ ಇಬ್ಬರಿಗೂ ಬೈದು ರೊಟ್ಟಿ ಹಾಕುತ್ತಿದ್ದಳು.

ನನಗೆ ಸಿರುಗುಪ್ಪದಲ್ಲಿ ಕೆಲಸವಿದ್ದಾಗ ತಮ್ಮ ಅಲ್ಲಿಯ ಒಂದು ರೈಸ್ ಮಿಲ್ಲಿಗೆ ಕಂಪ್ಯೂಟರ್ ಕೊಟ್ಟಿದ್ದ. ಫ್ಯಾಕ್ಸ್ ಸರಿಯಾಗಿಯೇ ಹೋಗುತ್ತಿತ್ತು. ಒಂದು ಸುಗ್ಗಿಯಲ್ಲಿ ಅವನು ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ ಹೋದ. ಅಲ್ಲಿಂದ ಅರ್ಧ ಹಾಳೆ ಹೋಗುವಷ್ಟರಲ್ಲಿ ಲೈನ್ ಕಡಿದುಹೋಗತೊಡಗಿತು. ದೂರು ನನ್ನ ಮೇಲೆ ಬಂತು. ಎರಡು ದಿನ ಬಿಸಿಲಲ್ಲಿ ಎಕ್ಸ್‌ಚೇಂಜಿನಿಂದ ಮಿಲ್ಲಿನವರೆಗೆ ಒಂದೊಂದು ಜಾಯಿಂಟೂ ಬಿಚ್ಚಿ ಹೊಸದಾಗಿ ಹಾಕಿದೆ. ನನ್ನ ಕಿವಿಗೆ ಲೈನ್ ಸ್ವಚ್ಛವಾಗಿತ್ತು. ಫ್ಯಾಕ್ಸ್ ಮಾತ್ರ ಹೋಗಲಿಲ್ಲ. ಆಗ ಮಿಲ್ಲಿನ ಮಾಲೀಕರ ಎದುರು, ಹಮಾಲರೆಲ್ಲ ಕೇಳುವಂತೆ ತಮ್ಮ ಹೇಳಿದ: “ಲೈನಿಂದ ದೋಷ ರೀ. ನಮ್ಮಣ್ಣ ಅಂತ ನಾ ಸುಳ್ಳು ಹೇಳಾಕ ಬರಂಗಿಲ್ಲ.”

ಕೈಯಲ್ಲಿದ್ದ ಚಹಾ ಕೆಳಗಿಟ್ಟು ಬಂದೆ. ಮರುವಾರವೇ ನನಗೆ ಬಳ್ಳಾರಿಗೆ ವರ್ಗವಾಯಿತು. ನಾವು ಮಾತು ಬಿಡಲಿಲ್ಲ. ಹಬ್ಬಕ್ಕೆ ಒಟ್ಟಿಗೆ ಉಂಡೆವು, ಅವ್ವನ ಕಾರ್ಯ ಒಟ್ಟಿಗೆ ಮಾಡಿದೆವು. ಗುಬ್ಬಿಯ ಮಾತು ಮಾತ್ರ ಮತ್ತೆ ಬರಲಿಲ್ಲ. ನನ್ನ ಕೆಲಸ ಹೊಲಸು ಎಂದು ನಂಬಿಕೊಂಡೇ ಅವನು ಹೋದ ಎಂಬುದು ಹನ್ನೊಂದು ತಿಂಗಳಿಂದ ನನ್ನ ಎದೆಯಲ್ಲಿ ಕುಳಿತಿತ್ತು.

ಅದಕ್ಕೇ ಮೊದಲು ಕುರುಗೋಡಿಗೆ ಹೋದೆ. ಅಲ್ಲಿಯ ಗೊಬ್ಬರದ ಅಂಗಡಿಯವರು ಕಾರ್ಡನ್ನು ಮುಂದೆ ಹಿಂದೆ ತಿರುಗಿಸಿ, “ನಾವೇನು ಬಾಡಿಗಿ ಕೊಡೋರಲ್ರೀ. ಪುಕ್ಕಟೆ ಸಿಗೋ ಸಿಸ್ಟಮ್ ಹಾಕಿಸಿದಾಗ ಈ ಕಾರ್ಡ್ ಐತಂತನ ಅದಕ್ಕ ಗೊತ್ತಾಗಲಿಲ್ಲ. ನಿಮ್ಮ ತಮ್ಮ ತಗದು ಬ್ಯಾರೆ ಕೂಡಿಸಿದ್ರು” ಎಂದು ವಾಪಸ್ ಕೊಟ್ಟರು. ನನಗೆ ಏನೂ ತಿಳಿಯಲಿಲ್ಲ.

ಸಿರುಗುಪ್ಪ ಉಳಿಯಿತು, ಅದರ ದಾರಿಯಲ್ಲೇ ತೆಕ್ಕಲಕೋಟೆ. ಒಂದು ಬೆಳಗ್ಗೆ ಕಾರ್ಡುಗಳನ್ನೂ ಕರಿ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮಿಲ್ಲಿನಲ್ಲಿ ಹಳೆಯ ಗುಮಾಸ್ತರು ಇನ್ನೂ ಇದ್ದರು. ಗುರುತು ಹಿಡಿದು, “ಬರ್ರಿ ಲೈನ್‌ಮನ್ ಸಾಹೇಬ್ರ, ಕುಂದರ್ರಿ. ಅವತ್ತಿನ ಚಾ ಬಾಕಿ ಐತಿ” ಎಂದರು. ಚೀಟಿ ಓದಿದವರೇ ನಕ್ಕುಬಿಟ್ಟರು.

“ಇದು ಆ ಬಾಡಿಗಿ ಅಲ್ರೀ! ಈ ಕಾರ್ಡಿಗೆ ತನ್ನದಂತ ಬುದ್ಧಿ ಇಲ್ಲಂತ. ವೈರಿಗೆ ಬಾಯಿ ಇಟ್ಟು ಕುಂದರತೈತಿ ಅಷ್ಟ. ಕೇಳಿದ್ದನ್ನ ತಿಳಕೊಳ್ಳೂದು, ಮಾತು ಕೂಡಿಸೂದು ಎಲ್ಲಾ ಕಂಪ್ಯೂಟರಿನ ತಲಿಯೊಳಗ, ಒಂದು ಸಾಫ್ಟ್‌ವೇರ್ ಮಾಡತೈತಿ. ಅಂದ್ರ ಬಾಡಿಗಿ ಮನಿ. ಸಿಸ್ಟಮ್ ಬದ್ಲಿ ಮಾಡಿದ್ರ ಮನಿ ಮಾಲಕ ಬದ್ಲಿ ಆದಂಗ. ಹೊಸ ಮಾಲಕ ಇದರ ಸಾಫ್ಟ್‌ವೇರ್ ಇಟಗೊಂಡ್ರ ಉಂಟು, ಇಲ್ಲಂದ್ರ ಬೀದಿ. ಹಿಂಗಂತ ನಿಮ್ಮ ತಮ್ಮ ಇಲ್ಲೇ ಕುಂತು ಹೇಳಿದ್ರು.”

“ಯಾವಾಗ?”

“ನೀವು ಹೋದ ಹದಿನೈದು ದಿನಕ್ಕ. ಈ ಕರಿ ಪೆಟ್ಟಿಗಿ ತಂದು ಕೂಡಿಸಿದ್ರು. ಇದರ ಕೆಲಸ ಎಲ್ಲಾ ಇದರೊಳಗ, ಯಾ ಸಿಸ್ಟಮ್ ಇದ್ರೂ ಅಷ್ಟ, ಸ್ವಂತ ಮನಿ ಅಂದ್ರು. ಫ್ಯಾಕ್ಸ್ ಮುಗೀಮಟ ಹೋತು. ಆಮ್ಯಾಲ ಮಾಲಕ್ರನ್ನ ಕರದು, ಹಮಾಲರು ಎಲ್ಲಾರೂ ಇದ್ರು, ‘ತಪ್ಪು ನಂದು ರೀ, ಲೈನ್ ಚೊಲೋ ಐತಿ’ ಅಂದ್ರು.” ಗುಮಾಸ್ತರು ನನ್ನ ಮುಖ ನೋಡಿದರು. “ನಿಮ್ಮ ಮುಂದ ಹೇಳಲಿಲ್ಲೇನು?”

“ಹೇಳ್ಯಾನ್ರಿ” ಎಂದೆ.

ಅದು ಸುಳ್ಳು. ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಮಿಲ್ಲಿನ ಫೋನ್ ತೆಗೆಸಿದ ಮೇಲೆ ಪೆಟ್ಟಿಗೆಯನ್ನು ತಮ್ಮನೇ ಒಯ್ದನಂತೆ. “ಭಾರಿ ಹಠಮಾರಿ ಇತ್ರೀ ಇದು” ಎಂದರು ಗುಮಾಸ್ತರು. “ಕಂಪ್ಯೂಟರ್ ಬಂದ್ ಇದ್ರೂ ತಾನ ಫೋನ್ ಎತ್ತಿ ಸೀಟಿ ಹೊಡೀತಿತ್ತು. ಮಾಲಕ್ರು ಮನಿಯಿಂದ ಫೋನ್ ಮಾಡಿದ್ರ ಅವರ ಕಿವಿಗೆ ಸೀಟಿ, ನನಗ ಬೈಗಳ.”

ಬಾಕಿ ಇದ್ದ ಚಹಾ ಕುಡಿದೆ. ವಾಪಸ್ ಬರುವಾಗ ತೆಕ್ಕಲಕೋಟೆಯಲ್ಲಿ ಬಸ್ ನಿಂತಿತು. ಇಳಿಯುವ ಕೆಲಸ ಉಳಿದಿರಲಿಲ್ಲ. ಮೂರು ಊರಿನ ಚೀಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ತನ್ನ ತಪ್ಪು ತಿಳಿದ ಮೇಲೆ ಅವನು ತೆಗೆದ ಕಾರ್ಡುಗಳು. ಎಸೆಯಬಹುದಿತ್ತು, ಊರಿನ ಹೆಸರು ಬರೆದು ಇಟ್ಟುಕೊಂಡಿದ್ದ. ನನ್ನ ಮುಂದೆ ಬಾಯಿ ಬಿಡಲು ಅವನಿಗೆ ಆಗಲಿಲ್ಲ. ನಾನೂ ಕೇಳಲಿಲ್ಲ.

ಪಾರ್ವತಿನಗರದ ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇನ್ನೂ ಇದೆ. ತೆಗೆಸು ಎಂದು ಎಲ್ಲರೂ ಹೇಳುತ್ತಾರೆ, ನನಗೆ ಆಗುವುದಿಲ್ಲ. ಆ ಮಧ್ಯಾಹ್ನ ಫೋನ್ ಬಿಚ್ಚಿ ಆ ವೈರನ್ನು ಕರಿ ಪೆಟ್ಟಿಗೆಗೆ ಸಿಕ್ಕಿಸಿದೆ. ಕರೆಂಟು ಕೊಟ್ಟಾಗ ಎರಡು ಕೆಂಪು ದೀಪ ಹತ್ತಿದವು. ಹಿಂದುಗಡೆಯ ಪುಟ್ಟ ಸ್ವಿಚ್ಚುಗಳನ್ನು ಅವನು ಹೇಗೆ ಇಟ್ಟಿದ್ದನೋ ಹಾಗೇ ಬಿಟ್ಟೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಕೊಟ್ಟು ಬಂದ್ರೇನು, ಭಾವಾರ?”

“ಮಂದೀವಲ್ಲವ್ವ. ನಮ್ಮವು” ಎಂದು ಮೊಬೈಲಿನಿಂದ ಮನೆಯ ನಂಬರ್ ಒತ್ತಿದೆ.

ಒಂದು ರಿಂಗು. ಪೆಟ್ಟಿಗೆಯೊಳಗೆ ಟಕ್ ಎಂದಿತು. ಆಮೇಲೆ ನನ್ನ ಕಿವಿಗೂ ಕೋಣೆಗೂ ಒಟ್ಟಿಗೆ ಆ ಸೀಟಿ. ಅವಳು ಬೆಚ್ಚಿದಳು. “ಯಾರ್ರೀ ಎತ್ತಿದ್ದು?”

ಸೀಟಿ ಸ್ವಲ್ಪ ಹೊತ್ತು ಕೂಗಿತು, ಎದುರು ದನಿಗಾಗಿ ಕಾಯಿತು. ಅದು ಇಡುವುದಕ್ಕೆ ಮುಂಚೆ ನನ್ನ ಬಾಯಿಗೆ ಹಳೆಯ ಮಾತೇ ಬಂತು.

“ಲೈನ್ ಚೊಲೋ ಐತಿ, ತಮ್ಮಾ. ಇಡ್ತೀನಿ.”