ಸೊನ್ನೆ ಬರೆದ ಗುಳಿಗೆ

ನಮ್ಮ ಆಯಿಗೆ ತಾನು ನುಂಗುವ ಗುಳಿಗೆಯ ಹೆಸರು ಯಾವತ್ತೂ ಬೇಕಾಗಿರಲಿಲ್ಲ. ಕಾಗಾಲದಿಂದ ಬಸ್ಸು ಹತ್ತಿ ಕುಮಟೆ ಪೇಟೆಗೆ ಬರುವುದು, ಔಷಧದ ಅಂಗಡಿಯ ಕಟ್ಟೆಗೆ ಕೈಯೂರಿ "ನಂದು ಬಿಪಿದು ಕೊಡಿ" ಎನ್ನುವುದು, ಅಲ್ಲಿಗೆ ಮುಗಿಯಿತು. ಅಂಗಡಿಯವರು ಕತ್ತರಿಯಿಂದ ಬೇಕಾದಷ್ಟು ಗುಳಿಗೆ ಕತ್ತರಿಸಿ, ಸಣ್ಣ ಲಕೋಟೆಗೆ ಹಾಕಿ, ಮೇಲೆ 1-0-1 ಎಂದು ಬರೆದು ಕೊಡುತ್ತಿದ್ದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಆಯಿಗೆ ಇದಕ್ಕಿಂತ ಹೆಚ್ಚಿನ ಇಂಗ್ಲಿಷು ಬೇಕಾಗಿಯೂ ಇರಲಿಲ್ಲ. ಸೊನ್ನೆ ಕಂಡಲ್ಲಿ ಗುಳಿಗೆ ಇಲ್ಲ, ಅಷ್ಟೇ.

ಇಂಥ ಆಯಿ ಎರಡು ಸಾವಿರದ ಇಸವಿಯ ಆಚೀಚೆ ಮಸ್ಕತ್ತಿಗೆ ಬಂದದ್ದು ನನ್ನ ಬಾಣಂತನಕ್ಕೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗಬೇಕು, ತಾಯಿ ಮಗಳಲ್ಲಿಗೆ ಬರುವುದು ಎಲ್ಲಿಯ ಪದ್ಧತಿ ಎಂದು ಊರವರು ಕೇಳಿದರಂತೆ. ಆದರೆ ನನಗೆ ನಡುವೆ ಸ್ವಲ್ಪ ತೊಂದರೆಯಾಗಿ, ವಿಮಾನ ಹತ್ತಲೇಕೂಡದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಯಿ ಹತ್ತಿರ ಇಲ್ಲದೆ ಹೆರುವುದನ್ನು ನೆನೆಸಿದರೇ ನನಗೆ ಅಳು ಬರುತ್ತಿತ್ತು. ಹುಬ್ಬಳ್ಳಿಯಿಂದಾಚೆ ಕಾಲಿಡದಿದ್ದ ಆಯಿ ಇದನ್ನು ಕೇಳಿ, "ಹಂಗಾರೆ ನಾನೇ ಬತ್ತೆ" ಎಂದಳು.

ಕರೆದುಕೊಂಡು ಬಂದವರು ನಮ್ಮ ಎದುರು ಮನೆಯ ಭಟ್ಕಳದ ಅಕ್ಕ. ಊರಿಗೆ ಹೋದವರು ಮರಳುವಾಗ ಭಟ್ಕಳದಲ್ಲಿ ಮುಂಬೈ ರೈಲು ಹತ್ತಿದರು, ಆಯಿ ಕುಮಟೆಯಲ್ಲಿ ಹತ್ತಿದಳು. ಅವರದು ನವಾಯತಿ, ಆಯಿಯದು ನೆರೆಮನೆಯವರಿಂದ ಕಲಿತ ಕೊಂಕಣಿ. ಎರಡೂ ಅಕ್ಕತಂಗಿ ಭಾಷೆಗಳು. ಗೋವೆ ದಾಟುವಷ್ಟರಲ್ಲಿ ಇಬ್ಬರೂ ಪರಸ್ಪರರ ಮನೆಯ ಸೊಸೆಯರ ವಿಷಯವನ್ನೆಲ್ಲ ಮಾತಾಡಿ ಮುಗಿಸಿದ್ದರಂತೆ.

ಗ್ರಹಚಾರ ಕೆಟ್ಟದ್ದು ಮುಂಬೈಯ ವಿಮಾನ ನಿಲ್ದಾಣದಲ್ಲಿ. ಆಯಿಯ ಸಾಮಾನು ತೂಕ ಮೀರಿತು. ಎಂತಾದರೂ ತೆಗೆಯಿರಿ ಎಂದರು ಕೌಂಟರಿನವರು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಕೊಬ್ಬರಿ ಎಣ್ಣೆ, ಕಾಳುಮೆಣಸು, ಜೋನಿಬೆಲ್ಲ, ಮಗುವಿಗೆ ಸುತ್ತಲು ಹಳೇ ಸೀರೆಯ ತುಂಡುಗಳು, ಇದರಲ್ಲಿ ತೆಗೆಯುವಂಥದ್ದು ಆಯಿಗೆ ಒಂದೂ ಕಾಣಲಿಲ್ಲ. ತನ್ನ ಸ್ವಂತದ ಚೀಲವನ್ನೇ ಎತ್ತಿ, ಬೀಳ್ಕೊಡಲು ಬಂದಿದ್ದ ಅಕ್ಕನ ನೆಂಟರ ಕೈಗೆ ಕೊಟ್ಟಳು. ಅದರಲ್ಲಿ ಎರಡು ಸೀರೆ, ಒಂದು ಸ್ವೆಟರು, ಮತ್ತು ಮೂರು ತಿಂಗಳಿಗಾಗುವಷ್ಟು ಬಿಪಿ ಗುಳಿಗೆ.

"ಗುಳಿಗೆ ಎಂತಕೆ ಬಿಟ್ಟು ಬಂದೆ ಆಯಿ?" ನಾನು ತಲೆ ಚಚ್ಚಿಕೊಂಡೆ.

"ಗುಳಿಗೆ ಎಲ್ಲೂ ಸಿಗ್ತದೆ. ಅಪ್ಪೆಮಿಡಿ ಈ ಮರಳಲ್ಲಿ ಸಿಗ್ತದಾ?"

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನು ಭರಣಿಯ ಬಾಯಿ ಬಿಚ್ಚಿ ಎರಡನೇ ಮಿಡಿ ಕಚ್ಚುತ್ತಿದ್ದೆ.

ಆಯಿಯ ಕವಳದ ಸಂಚಿಯಲ್ಲಿ, ಎಲೆ ಅಡಿಕೆಯ ನಡುವೆ, ಕತ್ತರಿಸಿದ ಒಂದು ತುಂಡಿನಲ್ಲಿ ನಾಲ್ಕು ಗುಳಿಗೆ ಉಳಿದಿದ್ದವು. ಅದನ್ನು ಹಿಡಿದು ನಾನೂ ನನ್ನ ಗಂಡನೂ ಕೆಳಗಿನ ಔಷಧದ ಅಂಗಡಿಗೆ ಹೋದೆವು. ಅಲ್ಲಿದ್ದವರು ಕಾಸರಗೋಡಿನ ಕಡೆಯವರು. ನಮ್ಮದೇ ಕರಾವಳಿಯವರು, ಕೊಟ್ಟೇ ಕೊಡುತ್ತಾರೆ ಎಂದು ನಾನು ಧೈರ್ಯದಲ್ಲಿದ್ದೆ. ಅವರು ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕುಮಟೆಯ ಕತ್ತರಿ ಹೆಸರಿನ ಮುಕ್ಕಾಲನ್ನು ತಿಂದುಹಾಕಿತ್ತು, ಉಳಿದದ್ದು ಕೊನೆಯ ಎರಡು ಅಕ್ಷರ.

ರಾತ್ರಿ ಅಣ್ಣನಿಗೆ ಫೋನು ಹಚ್ಚಿದೆವು. ಅವನು ಮರುದಿನ ಅಂಗಡಿಗೆ ಹೋಗಿ ಹೆಸರು ಬರೆಸಿಕೊಂಡು ಬಂದು, "ಪಿ ಅಂದ್ರೆ ಪಪ್ಪಾಯಿದು ಪಿ" ಎಂದು ಒಂದೊಂದೇ ಅಕ್ಷರ ಕೂಗಿ ಹೇಳಿದ. ಆ ಹೆಸರನ್ನು ಅಂಗಡಿಯವರ ದಪ್ಪ ಪುಸ್ತಕದಲ್ಲಿ ಹುಡುಕಿದರೆ ಅದು ಆ ದೇಶದಲ್ಲಿ ಹುಟ್ಟಿಯೇ ಇರಲಿಲ್ಲ. ಒಳಗಿನ ಮದ್ದು ಒಂದೇ ಆದರೂ ಪೆಟ್ಟಿಗೆಯ ಮೇಲಿನ ಹೆಸರು ಊರಿಗೊಂದಂತೆ.

"ಮದ್ದು ಗೊತ್ತಾಯಿತಲ್ಲ, ಅದೇ ಇರುವುದನ್ನು ಕೊಡಿ" ಎಂದೆ.

"ಇಲ್ಲಿಯ ಡಾಕ್ಟರ ಚೀಟಿ ಬೇಕು ಅಮ್ಮಾ. ಇಲ್ಲದೆ ಕೊಟ್ಟರೆ ನಿಮ್ಮ ತಾಯಿಯ ಬಿಪಿ ಇಳಿಯುತ್ತದೆ, ನನ್ನದು ಏರುತ್ತದೆ" ಎಂದು ಅವರು ಕೈಮುಗಿದರು. ಕೋಪ ಬಂದರೂ ಮಾತು ಸರಿಯಾಗಿಯೇ ಇತ್ತು.

ಬೇರೆ ದಿನಗಳಾಗಿದ್ದರೆ ಭಟ್ಕಳದಿಂದ ಬರುವವರೊಬ್ಬರ ಕೈಯಲ್ಲಿ ತರಿಸಬಹುದಿತ್ತು. ವಾರಕ್ಕೊಬ್ಬರಾದರೂ ಬರುತ್ತಿದ್ದರು, ಹಲ್ವದ ಜೊತೆ ಔಷಧವೂ ಬರುತ್ತಿತ್ತು. ಆದರೆ ಅದು ರಂಜಾನ್ ತಿಂಗಳು. ಹಬ್ಬಕ್ಕೆ ಊರಿಗೆ ಹೋಗುವವರೇ ಎಲ್ಲ, ಬರುವವರು ಯಾರೂ ಇಲ್ಲ.

ಕೊನೆಗೆ ಎದುರು ಮನೆಯ ಅಕ್ಕ ತಮಗೆ ಗೊತ್ತಿದ್ದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ಸುಡಾನಿನವರು, ವಯಸ್ಸಾದವರು, ಬಹಳ ಮೆಲ್ಲಗೆ ಮಾತಾಡುವವರು. ನನಗೆ ಇಂಗ್ಲಿಷು ಬರುತ್ತಿತ್ತು, ಅವರಿಗೂ ಬರುತ್ತಿತ್ತು. ಆದರೆ ಆಯಿ ನನ್ನನ್ನು ಬದಿಗೆ ಸರಿಸಿ ಎಲ್ಲ ಉತ್ತರವನ್ನೂ ಅಕ್ಕನಿಗೆ ಕೊಂಕಣಿಯಲ್ಲಿ ಹೇಳಿದಳು, ಅಕ್ಕ ಅದನ್ನು ಅರಬಿಗೆ ತಿರುಗಿಸಿದರು. ಉಪ್ಪು, ಉಪ್ಪಿನಕಾಯಿ ಎಷ್ಟು ತಿನ್ನುತ್ತೀರಿ ಎಂಬ ಪ್ರಶ್ನೆ ಬಂತು. ಮುಟ್ಟುವುದೇ ಇಲ್ಲ ಎಂದಳು ಆಯಿ.

ಅಕ್ಕ ಡಾಕ್ಟರ ಕಡೆ ತಿರುಗಲಿಲ್ಲ. "ಅಮ್ಮ, ಇದು ಮಾತ್ರ ನಾನು ಹೇಳುದಿಲ್ಲ. ನಂದು ಉಪವಾಸ ಉಂಟು, ಸುಳ್ಳು ಹೇಳಿದ್ರೆ ಉಪವಾಸ ಹಾಳಾಗ್ತದೆ. ಆ ಭರಣಿ ಹೊತ್ತದ್ದೇ ನಾನು" ಎಂದರು.

ಆಯಿ ಸ್ವಲ್ಪ ಹೊತ್ತು ಸೀರೆಯ ಸೆರಗು ಸರಿಮಾಡಿಕೊಂಡಳು. ಆಮೇಲೆ, "ಊಟಕ್ಕೆ ಒಂದು ಅಂತ ಹೇಳಿ" ಎಂದಳು. ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿರಬೇಕು, ನಗುತ್ತ ಬರೆದುಕೊಂಡರು. ಬಿಪಿ ಮಾತ್ರ ನಗುವಷ್ಟು ಇರಲಿಲ್ಲ. ಎರಡು ಬಗೆಯ ಗುಳಿಗೆ ಬರೆದು, ವಾರ ಬಿಟ್ಟು ಬರಲು ಹೇಳಿದರು.

ಚೀಟಿ ಹಿಡಿದು ಕ್ಲಿನಿಕ್ಕಿನ ಪಕ್ಕದ ಅಂಗಡಿಗೆ ಹೋದಾಗ ಸೂರ್ಯ ಮುಳುಗುವ ಹೊತ್ತು. ಅಂಗಡಿಯ ಅರಬನ ಒಂದು ಕಣ್ಣು ಚೀಟಿಯ ಮೇಲೆ, ಇನ್ನೊಂದು ಕಣ್ಣು ಮೇಜಿನ ಮೇಲಿದ್ದ ಖರ್ಜೂರದ ಮೇಲೆ. ಎರಡು ಪೆಟ್ಟಿಗೆ ತೆಗೆದು, ಅಕ್ಕನಿಗೆ ಅರಬಿಯಲ್ಲಿ ಗಡಿಬಿಡಿಯಿಂದ ಎಂತದೋ ಹೇಳಿ, ಪೆಟ್ಟಿಗೆಗಳ ಮೇಲೆ ಒಂದೊಂದು ಅಂಕಿ ಗೀಚಿ ಕೊಟ್ಟ. ಅಷ್ಟರಲ್ಲಿ ಬಾಂಗು ಕೇಳಿತು. ಅಕ್ಕನೂ ಉಪವಾಸ ಬಿಡಲು ಮನೆಗೆ ಓಡಿದರು. ಅಂತೂ ಗುಳಿಗೆ ಸಿಕ್ಕಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ವಾರ ಕಳೆದು ಮತ್ತೆ ತೋರಿಸಲು ಹೋದರೆ ಆಯಿಯ ಬಿಪಿ ಇಳಿದದ್ದು ನಾಮಕಾವಾಸ್ತೆ. ಡಾಕ್ಟರಿಗೆ ಅದು ಸರಿ ಕಾಣಲಿಲ್ಲ. ಎರಡೆರಡು ಮದ್ದು ಕೊಟ್ಟರೂ ಹೀಗಿದೆಯೆಂದರೆ ಇವರೇ ವಿಶ್ರಾಂತಿ ತೆಗೆದುಕೊಳ್ಳಬೇಕಾದವರು, ನಿದ್ದೆಗೆಟ್ಟು ಬಾಣಂತಿ ಮಗುವನ್ನು ನೋಡಿಕೊಳ್ಳುವುದು ಹೇಗೆ ಎಂದರು. ನನ್ನ ಗಂಡ ಹೊನ್ನಾವರದ ಕರ್ಕಿಯವರು. ಯಕ್ಷಗಾನ ನೋಡಿ ಬೆಳೆದವರಾದ್ದರಿಂದ ಸಣ್ಣ ಮಾತನ್ನೂ ಅರ್ಥ ಹೇಳುವ ಧಾಟಿಯಲ್ಲೇ ಹೇಳುವುದು. ಅಂದು ಮಾತ್ರ ದನಿ ತಗ್ಗಿಸಿ, "ಅತ್ತೆಯವರನ್ನು ಊರಿಗೆ ಕಳಿಸುವ. ಹಬ್ಬಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ, ಜೊತೆಗೆ ತೊಂದರೆಯಿಲ್ಲ" ಎಂದರು.

ಹೇಳಿದ್ದು ಆಯಿಯ ಒಳ್ಳೆಯದಕ್ಕೇ. ಆದರೂ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಹೆರಿಗೆಗೆ ಇನ್ನು ಮೂರು ವಾರ. ಆಯಿ ಅಡುಗೆ ಮನೆಗೆ ಹೋಗಿ, ಬಾಣಂತಿಗೆಂದು ತಂದಿದ್ದ ಕಾಳುಮೆಣಸನ್ನು ಮತ್ತೊಮ್ಮೆ ಆರಿಸಲು ಕುಳಿತಳು. ಅದನ್ನು ಅವಳು ಊರಲ್ಲೇ ಆರಿಸಿ ತಂದಿದ್ದಳು.

ಮರುದಿನ ಅವಳ ಬಟ್ಟೆಬರೆ, ಅಂದರೆ ಬಂದ ಮೇಲೆ ನಾನು ಉಡಲು ಕೊಟ್ಟ ಸೀರೆಗಳನ್ನು, ಕಟ್ಟಲು ನಾನೇ ಕುಳಿತೆ. ಅಳುತ್ತ ಮಡಚುತ್ತಿದ್ದವಳಿಗೆ ಚೀಲದ ತಳದಲ್ಲಿ, ಸೀರೆಯಲ್ಲಿ ಸುತ್ತಿಟ್ಟ ಒಂದು ಔಷಧದ ಪೆಟ್ಟಿಗೆ ಕೈಗೆ ಸಿಕ್ಕಿತು. ಅಂಟು ಸಹ ಬಿಚ್ಚಿರಲಿಲ್ಲ.

"ಇದೆಂತ ಆಯಿ?"

"ಅದಾ? ಅದು ಸೊನ್ನೆ ಬರ್ದದ್ದು."

"ಸೊನ್ನೆಯಾ?"

"ನೋಡು. ಒಂದ್ರಲ್ಲಿ ಒಂಬತ್ತು ಬರ್ದಿದ್ದ, ಅದನ್ನ ದಿನಾ ಒಂಬತ್ತಕ್ಕೆ ತಕಂಡೆ. ಇದ್ರಲ್ಲಿ ಸೊನ್ನೆ. ಈಗ ತಕಳುದಲ್ಲ, ಮುಂದಕ್ಕೆ ಅಂತ ಕೊಟ್ಟದ್ದು. ಊರಿಗೆ ತಕಂಡು ಹೋಗ್ವ ಅಂದ್ಕಂಡೆ."

ಪೆಟ್ಟಿಗೆಯ ಮೇಲೆ ನಿಜಕ್ಕೂ ದುಂಡನೆಯ ಒಂದು ಸೊನ್ನೆ ಇತ್ತು. ಎರಡು ವರ್ಷ ಆ ದೇಶದಲ್ಲಿದ್ದರೂ ನಾನು ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿಕೊಂಡು ಕಾಲ ಹಾಕಿದವಳು. ಪೆಟ್ಟಿಗೆ ಹಿಡಿದು, ಆಯಿಯನ್ನೂ ಕರೆದುಕೊಂಡು ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ. ಅಕ್ಕ ನೋಡಿದವರೇ ಆಯಿಯ ಕೈಹಿಡಿದು ತಮ್ಮ ಗೋಡೆ ಗಡಿಯಾರದ ಮುಂದೆ ನಿಲ್ಲಿಸಿದರು.

"ಅಮ್ಮ, ನಾಲ್ಕಾದ ಮೇಲೆ ಎಂತ ಬರ್ತದೆ?"

"ಐದು."

"ಅಲ್ಲಿ ಎಂತ ಬರ್ದದೆ ನೋಡಿ."

ಆಯಿ ಕತ್ತೆತ್ತಿ ನೋಡಿದಳು. "ಸೊನ್ನೆ ಬರ್ದದೆ. ನಾನು ಮೊದಲೇ ನೋಡಿದ್ದೆ. ಇವ್ರ ಗಡಿಯಾರ ಹಾಳಾಗದೆ, ಹೇಳಿದ್ರೆ ಬೇಜಾರು ಮಾಡ್ಕಂತ್ರು ಅಂತ ಸುಮ್ನಿದ್ದೆ." ಮತ್ತೆ ಪೆಟ್ಟಿಗೆಯ ಮೇಲಿನದನ್ನೂ ಗಡಿಯಾರವನ್ನೂ ನೋಡಿ, "ಹಂಗಾರೆ ಇವ್ರ ಐದು ನಮ್ಮ ಸೊನ್ನೆಯಾ?" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತೆ. ಒಳಗಿದ್ದ ಮಗುವೂ ಒದೆಯಿತು. ಅಕ್ಕನೂ ಗೋಡೆಗೆ ಒರಗಿ ನಕ್ಕರು. ಸಂಜೆ ಐದಕ್ಕೆ ಎಂದು ಅಂಗಡಿಯವ ಬಾಯಲ್ಲಿಯೂ ಹೇಳಿದ್ದನಂತೆ, ಬಾಂಗಿನ ಗಡಿಬಿಡಿಯಲ್ಲಿ ಅದು ಆಯಿಯವರೆಗೆ ಬರಲೇ ಇಲ್ಲ. ಆಯಿ ಮಾತ್ರ ನಗಲಿಲ್ಲ.

"ಹಂಗಾರೆ ಸೊನ್ನೆಗೆ ಇವ್ರು ಎಂತ ಬರಿತ್ರು?"

"ಒಂದು ಚುಕ್ಕೆ ಇಡುದು ಅಮ್ಮ."

"ಅದು ಸಮ. ಏನೂ ಇಲ್ಲದ್ದಕ್ಕೆ ಅಷ್ಟು ದೊಡ್ಡ ಸುತ್ತು ಎಂತಕೆ."

ಕಟ್ಟಿದ ಗಂಟನ್ನು ಬಿಚ್ಚಿದೆವು. ಡಾಕ್ಟರಿಗೆ ಹೇಳಿದಾಗ ಅವರು ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಎರಡೂ ಗುಳಿಗೆ ಹೊಟ್ಟೆಗೆ ಹೋದ ಮೇಲೆ ಬಿಪಿ ಇಳಿಯಿತು. ಭರಣಿಯನ್ನು ನನ್ನ ಗಂಡ ಅಟ್ಟದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಳಿಯಂದಿರ ಎದುರು ಮಾತಾಡುವ ರೂಢಿಯಿಲ್ಲದ ಆಯಿ ಸುಮ್ಮನಿದ್ದಳು. ಆದರೆ ಎದುರು ಮನೆಯಲ್ಲಿ ಇನ್ನೊಂದು ಸಣ್ಣ ಬಾಟಲಿ ಇತ್ತೆಂದು ನನಗೆ ಬಹಳ ತಡವಾಗಿ ತಿಳಿಯಿತು. ಉಪವಾಸ ಮುಗಿದ ಮೇಲೆ ಅಕ್ಕನ ಸತ್ಯವೂ ಸ್ವಲ್ಪ ಸಡಿಲಾಗಿತ್ತು.

ಹಬ್ಬವಾಗಿ ಕೆಲವು ದಿನಕ್ಕೆ ಮಗಳು ಹುಟ್ಟಿದಳು. ರಾತ್ರಿಯಿಡೀ ಹೊರಗೆ ಬೆಂಚಿನ ಮೇಲೆ ಕುಳಿತ ಆಯಿಯನ್ನು ಬೆಳಿಗ್ಗೆ ಬಲವಂತದಿಂದ ಮನೆಗೆ ಕಳಿಸಿದ್ದರು. ಮಧ್ಯಾಹ್ನದ ಮೇಲೆ ನನ್ನನ್ನೂ ಮಗುವನ್ನೂ ಬೇರೆ ಕೋಣೆಗೆ ಹಾಕಿದರು. ನನ್ನ ಗಂಡ ಆಯಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಐದನೇ ನಂಬರಿನ ಕೋಣೆ, ಇಲ್ಲೇ ನಿಂತಿರಿ, ಕಾರು ನಿಲ್ಲಿಸಿ ಬರುತ್ತೇನೆ ಎಂದು ಹೋದರಂತೆ.

ಉದ್ದದ ಓಣಿ, ಸಾಲು ಬಾಗಿಲು, ಎಲ್ಲದರ ಮೇಲೂ ಅರಬಿ ಅಂಕಿ. ನಾನು ಕಣ್ಣು ಬಿಟ್ಟಾಗ ಬಾಗಿಲಲ್ಲಿ ಆಯಿ ನಿಂತಿದ್ದಳು, ಕೈಯಲ್ಲಿ ಕಾಳುಮೆಣಸಿನ ಸಾರಿನ ಡಬ್ಬಿ, ಹಿಂದೆ ಯಾರೂ ಇಲ್ಲ.

"ಒಬ್ಬಳೇ ಹೆಂಗೆ ಬಂದೆ?"

"ಸೊನ್ನೆ ಹುಡುಕ್ತಾ ಬಂದೆ" ಎಂದಳು.

ತೊಟ್ಟಿಲಿನ ಹತ್ತಿರ ಹೋಗಿ ಬಗ್ಗಿ ನೋಡಿದಳು, ಮುಟ್ಟಲಿಲ್ಲ. ಗೋಡೆಯ ಗಡಿಯಾರದ ಕಡೆ ನೋಡಿದಳು. ಸಣ್ಣ ಮುಳ್ಳು ಆ ದುಂಡನೆಯ ಅಂಕಿಯ ಮೇಲೇ ಇತ್ತು. ಕವಳದ ಸಂಚಿ ಬಿಚ್ಚಿ ಗುಳಿಗೆ ತೆಗೆದು, ನನ್ನ ಲೋಟದ ನೀರಿನಲ್ಲಿ ನುಂಗಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದಳು.

"ಆತು. ಈಗ ಕೊಡು."