ತಲುಪಿತಾ?

ಟೈಪಿಂಗ್ ಮೇಷ್ಟ್ರು ಕೀಬೋರ್ಡ್ ಕುಟ್ಟತೊಡಗಿದರೆ ಪಕ್ಕದಲ್ಲಿದ್ದ ಟೀ ಲೋಟ ಕುಣಿಯುತ್ತಿತ್ತು. ಟೈಪ್‌ರೈಟರ್ ಕಾಲದ ಬೆರಳುಗಳು, ಮೆಲ್ಲಗೆ ಒತ್ತುವುದೇ ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಅವರ ಇನ್‌ಸ್ಟಿಟ್ಯೂಟ್. ಕಲಿಯುವವರು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಒಂಟಿ ಜೀವ, ಹಿಂದಿನ ಕೋಣೆಯಲ್ಲೇ ವಾಸ. ಮೂಲೆಯಲ್ಲೊಂದು ಹಳೇ ಕಂಪ್ಯೂಟರು ಸದಾ ಗುಂಯ್‌ಗುಡುತ್ತಿತ್ತು. ಅದು ಅವರ ಸ್ವಂತ ಅಂಚೆಕಚೇರಿ. ನನ್ನಂಥ ಹಳೇ ಶಿಷ್ಯರಿಗೆಲ್ಲ ಅದರಲ್ಲಿ ಇಮೇಲ್ ವಿಳಾಸ ಕೊಟ್ಟು, ಅಲ್ಲಿಗೆ ಬಂದದ್ದನ್ನು ತಾವೇ ಕೈಯಾರೆ ನಮ್ಮ ನಮ್ಮ ಫೋನುಗಳಿಗೆ ದಾಟಿಸುತ್ತಿದ್ದರು.

“ತಾನಾಗೇ ಹೋಗಲ್ವಾ ಮೇಷ್ಟ್ರೇ?” ಎಂದು ಒಮ್ಮೆ ಕೇಳಿದ್ದೆ.

“ಓಯ್ತದೆ ಕಣಮ್ಮ. ಜೊತೇಲೇ ಕಸಾನೂ ಓಯ್ತದೆ. ಆ ಕಡೆ ನಿಮ್ಮ ಫೋನಿನ ಮೇಲ್ ನಡೆಸೋ ದೊಡ್ಡ ಕಂಪನಿಯೋರು ಕಸ ಸುರಿಯೋನು ನಾನೇ ಅಂದ್ಕಂಡು ಬಾಗ್ಲು ಆಕ್ಬುಡ್ತಾರೆ. ಆಮೇಲೆ ನಿನ್ನ ಒಳ್ಳೆ ಕಾಗ್ದಾನೂ ಒಳಕ್ಕೆ ಬುಡಲ್ಲ.”

ಅದಕ್ಕೇ ದಿನಾ ಬೆಳಿಗ್ಗೆ ಕೂತು, ಲಾಟರಿ, ಬೊಜ್ಜು ಕರಗಿಸುವ ಪುಡಿ ಎಂದು ಬಂದದ್ದನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ತೆಗೆದು, ಉಳಿದದ್ದನ್ನು ಒಂದೊಂದಾಗಿ, ತಡೆದು ತಡೆದು ಕಳಿಸುತ್ತಿದ್ದರು. ಕೊನೆಗೆ ಪ್ರತಿಯೊಬ್ಬರಿಗೂ ತಾವೇ ಒಂದು ಮೇಲ್ ಬರೆಯುತ್ತಿದ್ದರು: ‘ತಲುಪಿತಾ?’ ನಾವು ‘ತಲುಪಿತು’ ಎನ್ನಬೇಕು. ಕಂಪಲಾಪುರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಲಗ್ನಪತ್ರಿಕೆ ಟೈಪ್ ಮಾಡುವ ನನಗೆ ಎಷ್ಟೋ ದಿನ ಬರುತ್ತಿದ್ದುದು ಅದೊಂದೇ. ಆದರೂ ಉತ್ತರಿಸಲು ನನಗೆ ಕಿರಿಕಿರಿ.

ಒಮ್ಮೆ ಎರಡು ದಿನ ಉತ್ತರಿಸಲಿಲ್ಲ. ಮೂರನೇ ದಿನ ಮೇಷ್ಟ್ರು ಬಸ್ಸು ಹತ್ತಿ ಬಂದು ಬಾಗಿಲು ಬಡಿದರು.

“ನಿನ್ನ ಉತ್ರ ಬರ್ನಿಲ್ಲ. ಕಂಪನಿಯೋರು ಬಾಗ್ಲು ಆಕ್ಬುಟ್ರೇನೋ ಅಂತ ನೋಡೋಕೆ ಬಂದೆ.”

ನನ್ನ ಫೋನು ಇಸಿದುಕೊಂಡು ನೋಡಿದರು. ಮೂರೂ ‘ತಲುಪಿತಾ?’ಗಳು ತಲುಪಿದ್ದವು. ಆಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದ ನನ್ನನ್ನು ನೋಡಿದರು.

“ಮಿಷಿನ್ ಸರಿಯಾಗೇ ಅದೆ. ಕೆಟ್ಟಿರೋದು ನೀನು!” ಎಂದು ಬೈದು, ಆಟೋ ಕರೆತಂದು ಆಸ್ಪತ್ರೆಗೆ ಸೇರಿಸಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಹೋದ ವರ್ಷ ಒಂದು ಬೆಳಿಗ್ಗೆ ‘ತಲುಪಿತಾ?’ ಬರಲಿಲ್ಲ. ಮರುದಿನವೂ ಇಲ್ಲ. ಕಂಪನಿಯವರು ಬಾಗಿಲು ಹಾಕಿರಬೇಕು, ಮೇಷ್ಟ್ರು ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಉತ್ತರ ಬರೆಯುವ ಕಾಟ ತಪ್ಪಿತಲ್ಲ ಎಂದು ಹಾಯೆನಿಸಿದ್ದೂ ನಿಜ. ಐದನೇ ದಿನ ಬೇರೆ ಕೆಲಸಕ್ಕೆಂದು ಪಿರಿಯಾಪಟ್ಟಣಕ್ಕೆ ಹೋದಾಗ ಇನ್‌ಸ್ಟಿಟ್ಯೂಟಿಗೆ ಬೀಗ ಬಿದ್ದಿತ್ತು.

“ನಿನ್ನೆ ಓಗ್ಬುಟ್ರು ಕಣಮ್ಮ,” ಎಂದರು ಪಕ್ಕದ ಅಂಗಡಿಯವರು. “ಮೂರು ದಿನ ಜ್ವರ ಬಂದು ಒಳಗೇ ಮಲಗಿದ್ರಂತೆ. ನಾವು ಎಲ್ಲೋ ಊರಿಗೆ ಓಗವ್ರೆ ಅಂದ್ಕಂಡ್ವಿ.”

ಕಂಪಲಾಪುರದಿಂದ ಅಲ್ಲಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ಮೇಷ್ಟ್ರು ಆ ಬಸ್ಸು ಹತ್ತಿ ಬಂದಿದ್ದರು. ನಾನು, ಮಿಷಿನ್ ಕೆಟ್ಟಿರಬೇಕು ಎಂದುಕೊಂಡು ಮನೆಯಲ್ಲೇ ಕೂತಿದ್ದೆ.